ಮೂಳೆ, ಗ್ರಾಫೈಟ್, ರೋಲರ್, ಲಾಕ್: ನಿಮ್ಮ ಎಲೆಕ್ಟ್ರಿಕ್ ಗಿಟಾರಿಗೆ ಯಾವ ನಟ್?

ಮೂರನೇ ತಂತಿ ಶ್ರುತಿ ಮಾಡುತ್ತಾ ಕೂತಿದ್ದೀರಿ. ತಂತಿ ಬಿಗಿಯುವ ಕೀಲಿ, ಅಂದರೆ ಟ್ಯೂನರ್, ತಿರುಗಿಸಿದರೂ ಮೀಟರಿನ ಸೂಜಿ ಕದಲುವುದಿಲ್ಲ. ಇನ್ನೊಂದು ಚೂರು ತಿರುಗಿಸುತ್ತೀರಿ. ಊಹೂಂ. ಮತ್ತೊಂದು ಚೂರು. ‘ಟಿಂಕ್’ ಅಂತ ಸದ್ದಾಗಿ ಸೂಜಿ ಗೆರೆ ದಾಟಿ ಆಚೆ ಹೋಗಿ ನಿಲ್ಲುತ್ತದೆ. ಇಳಿಸಿದರೆ ಅದೇ ಕತೆ ಹಿಂದುಮುಂದಾಗಿ. ಹೇಗೋ ಸರಿಮಾಡಿ ಒಂದು ಬೆಂಡ್ ಹೊಡೆದರೆ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದರೆ, ತಂತಿ ಮತ್ತೆ ಇಳಿದುಹೋಗಿರುತ್ತದೆ.

ಆ ‘ಟಿಂಕ್’ ಬರುವುದು ಹೆಚ್ಚಾಗಿ ನಟ್‌ನಿಂದ. ಬೋಲ್ಟಿನ ಜೊತೆ ಬರುವ ನಟ್ಟಲ್ಲ. ಫ್ರೆಟ್‌ಬೋರ್ಡ್ ಮುಗಿದು, ಟ್ಯೂನರುಗಳಿರುವ ಹೆಡ್‌ಸ್ಟಾಕ್ ಶುರುವಾಗುವ ಜಾಗದಲ್ಲಿ ಕೂತಿರುವ ಆರು ಕೊರಕಲಿನ ಪುಟ್ಟ ಪಟ್ಟಿ. ಆ ಕೊರಕಲುಗಳಿಗೆ ಸ್ಲಾಟ್ ಎನ್ನುತ್ತಾರೆ. ತಂತಿ ಅದರಲ್ಲಿ ಸರಾಗವಾಗಿ ಜಾರಬೇಕು. ಸಿಕ್ಕಿಹಾಕಿಕೊಂಡು, ಆಮೇಲೆ ಒಂದೇ ಸಲ ಬಿಟ್ಟುಕೊಂಡರೆ ಆ ಸದ್ದು.

ನನಗೆ ಈ ತೊಂದರೆ ಬಂದಾಗ ನಾನು ಟ್ಯೂನರುಗಳ ಮೇಲೆ ಗುಮಾನಿ ಪಟ್ಟೆ. ಆರನ್ನೂ ತೆಗೆದು, ತಂತಿಯನ್ನು ಕಂಬದಲ್ಲೇ ಕಚ್ಚಿ ಹಿಡಿಯುವ ಲಾಕಿಂಗ್ ಟ್ಯೂನರ್ ಹಾಕಿಸಿದೆ. ನೋಡೋಕೆ ಚೆನ್ನಾಗಿತ್ತು. ಶ್ರುತಿ ಮಾತ್ರ ಮೊದಲಿನಷ್ಟೇ ಚಂಚಲ. ಕೊನೆಗೆ ಬೇಜಾರಾಗಿ ಪೆನ್ಸಿಲ್ ತುದಿಯಿಂದ ಸ್ಲಾಟ್‌ಗಳಿಗೆ ಸೀಸ ಉಜ್ಜಿದೆ. ಅರ್ಧ ತೊಂದರೆ ಅಲ್ಲೇ ಹೋಯಿತು. ಅವತ್ತಿನಿಂದ ಯಾರು ಶ್ರುತಿ ನಿಲ್ಲುವುದಿಲ್ಲ ಅಂದರೂ ನಾನು ಮೊದಲು ನಟ್ ನೋಡುತ್ತೇನೆ.

ಮುಂದಿನದೆಲ್ಲ ಓದುವಾಗ ಒಂದು ಮಾತು ತಲೆಯಲ್ಲಿರಲಿ. ಕೊಳ್ಳುವಾಗ ನಾವು ಆರಿಸುವುದು ಸಾಮಗ್ರಿಯನ್ನು. ಶ್ರುತಿಯನ್ನು ನಿಲ್ಲಿಸುವುದು ಸ್ಲಾಟ್. ಚೆನ್ನಾಗಿ ಕೊರೆದ ಅಗ್ಗದ ಪ್ಲಾಸ್ಟಿಕ್, ಕೆಟ್ಟದಾಗಿ ಕೊರೆದ ಮೂಳೆಗಿಂತ ಎಷ್ಟೋ ವಾಸಿ.

ಮೊದಲು ಕಳ್ಳನನ್ನು ಹಿಡಿಯಿರಿ

ನಟ್ ಕೀಳುವ ಮೊದಲು ತಪ್ಪು ಅದರದ್ದೇನಾ ಅಂತ ನೋಡಬೇಕು. ಇದಕ್ಕೆ ಯಾವ ಸಲಕರಣೆಯೂ ಬೇಡ, ಟ್ಯೂನರ್ ಮೀಟರ್ ಒಂದಿದ್ದರೆ ಸಾಕು.

ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ. ಮೇಲಿನ ಒಂದು ಫ್ರೆಟ್‌ನಲ್ಲಿ (ಫ್ರೆಟ್‌ಬೋರ್ಡಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿ) ಎರಡು ಮೂರು ಸಲ ಜೋರಾಗಿ ಬೆಂಡ್ ಮಾಡಿ. ಈಗ ಖಾಲಿ ತಂತಿ, ಅಂದರೆ ಎಲ್ಲೂ ಒತ್ತದ ತಂತಿ, ಮೀಟಿ ನೋಡಿ. ಶ್ರುತಿ ಇಳಿದಿದೆಯಾ? ಹಾಗಾದರೆ ನಟ್ ಮತ್ತು ಟ್ಯೂನರ್ ನಡುವಿನ ತಂತಿಯನ್ನು ಬೆರಳಿನಿಂದ ಒಂದು ಸಲ ಒತ್ತಿ ಬಿಡಿ. ಶ್ರುತಿ ವಾಪಸ್ ಬಂದರೆ ಕಳ್ಳ ಸಿಕ್ಕಿದ.

ಯಾಕೆ ಅಂದರೆ, ಬೆಂಡ್ ಮಾಡುವಾಗ ಟ್ಯೂನರ್ ಕಡೆಯ ತಂತಿ ಒಂದು ಕೂದಲಿನಷ್ಟು ನಟ್ ದಾಟಿ ಈಚೆ ಬರುತ್ತದೆ. ಬಿಟ್ಟಾಗ ಅದು ವಾಪಸ್ ಹೋಗಬೇಕು. ಸ್ಲಾಟ್ ಹಿಡಿದುಕೊಂಡರೆ ಹೋಗುವುದಿಲ್ಲ. ಈಚೆ ಕಡೆ ತಂತಿ ಸ್ವಲ್ಪ ಜಾಸ್ತಿಯಾಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ನಟ್ ಹಿಂದೆ ಒತ್ತಿದರೆ ಆ ಹೆಚ್ಚುವರಿ ತಂತಿಯನ್ನು ಎಳೆದುಕೊಂಡ ಹಾಗೆ. ವ್ಯಾಮಿ ಬಾರ್ (ಆರೂ ತಂತಿಯನ್ನು ಒಟ್ಟಿಗೆ ಸಡಿಲಿಸಿ ಬಿಗಿಸುವ ಸಲಾಕೆ) ಇರುವ ಗಿಟಾರಿನಲ್ಲಿ ಇದೇ ಆಟ ಉಲ್ಟಾ ನಡೆಯುತ್ತದೆ. ಬಾರ್ ಕೆಳಗೆ ಒತ್ತಿದಾಗ ತಂತಿ ಹೆಡ್‌ಸ್ಟಾಕ್ ಕಡೆ ಜಾರುತ್ತದೆ. ವಾಪಸ್ ಬರದಿದ್ದರೆ ಶ್ರುತಿ ಏರಿ ನಿಲ್ಲುತ್ತದೆ. ಆಗ ತಂತಿಯನ್ನು ಒಂದು ಸಲ ಬೆಂಡ್ ಮಾಡಿದರೆ ಇಳಿದು ಜಾಗಕ್ಕೆ ಬರುತ್ತದೆ.

ಹೀಗೆ ಎಳೆದರೂ ಒತ್ತಿದರೂ ಶ್ರುತಿ ವಾಪಸ್ ಬರಲಿಲ್ಲ ಅಂದರೆ ಬೇರೆ ಕಡೆ ಹುಡುಕಿ. ಹೊಸ ತಂತಿ ಇನ್ನೂ ಹಿಗ್ಗುತ್ತಿರಬಹುದು. ಟ್ಯೂನರಿನ ಕಂಬಕ್ಕೆ ಐದಾರು ಸುತ್ತು ಸಡಿಲವಾಗಿ ಸುತ್ತಿರಬಹುದು. ಒಂದೆರಡು ತಂತಿಯಲ್ಲದೆ ಆರೂ ಒಟ್ಟಿಗೆ ಏರುಪೇರಾಗುತ್ತಿದ್ದರೆ ಟ್ರೆಮೊಲೊ ಬ್ರಿಜ್ಜಿನ, ಅಂದರೆ ತಂತಿಗಳ ಇನ್ನೊಂದು ತುದಿಯನ್ನು ಹೊತ್ತು ವ್ಯಾಮಿ ಬಾರ್ ಜೊತೆ ಅಲುಗುವ ಬ್ರಿಜ್ಜಿನ, ಅಂಚು ಸವೆದಿರಬಹುದು. ಫೆಂಡರ್ ಕಂಪನಿಯ ಮಾದರಿಯ ಹೆಡ್‌ಸ್ಟಾಕ್‌ನಲ್ಲಿ ತಂತಿಯನ್ನು ಕೆಳಗೆ ಒತ್ತಿ ಹಿಡಿಯುವ ಪುಟ್ಟ ಕೊಕ್ಕೆಗಳಿರುತ್ತವೆ, ಸ್ಟ್ರಿಂಗ್ ಟ್ರೀ. ಅವುಗಳದ್ದೂ ನಟ್‌ನದ್ದೇ ಬುದ್ಧಿ. ನಟ್ ಮೇಲೆ ಹೊರೆಸುವ ಎಷ್ಟೋ ತಪ್ಪು ಅವುಗಳದ್ದಾಗಿರುತ್ತದೆ.

ತಪ್ಪು ನಟ್‌ನದ್ದೇ ಅಂತ ಗೊತ್ತಾದ ಮೇಲೂ ಕೂಡಲೇ ಬದಲಿಸಬೇಡಿ. ತಂತಿ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಸ್ಲಾಟ್ ಒರೆಸಿ. ಮೆತ್ತನೆ ಪೆನ್ಸಿಲ್, 2ಬಿ ಅಥವಾ 4ಬಿ, ಚೂಪು ಮಾಡಿ ಚೆನ್ನಾಗಿ ಉಜ್ಜಿ. ಒಂದು ವಾರ ನುಡಿಸಿ. ತೊಂದರೆ ಪೂರ್ತಿ ಹೋದರೆ ನಿಮಗೆ ಹೊಸ ನಟ್ ಬೇಡ, ತಂತಿ ಬದಲಿಸುವಾಗಲೆಲ್ಲ ಪೆನ್ಸಿಲ್ ಸಾಕು. ಸ್ವಲ್ಪ ಕಡಿಮೆಯಾಗಿ ಮತ್ತೆ ಶುರುವಾದರೆ ಸ್ಲಾಟ್ ಕಿರಿದಾಗಿದೆ ಅಥವಾ ಒರಟಾಗಿದೆ. ಅದನ್ನು ಸರಿಯಾದ ಅಳತೆಯ ಅರದಿಂದ ಹದಮಾಡಿಸಿದರೆ ಎಷ್ಟೋ ಸಲ ಹಳೆ ನಟ್ಟೇ ಬದುಕಿಕೊಳ್ಳುತ್ತದೆ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಸ್ಲಾಟ್ ಸವೆದು ಆಳವಾಗಿ ಖಾಲಿ ತಂತಿ ಮೊದಲ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತಿದ್ದರೆ, ನಟ್ ಬಿರುಕು ಬಿಟ್ಟಿದ್ದರೆ, ಒಳಗೆ ಟೊಳ್ಳಾದ ಮೆತ್ತನೆ ಪ್ಲಾಸ್ಟಿಕ್ ಆಗಿ ತಂತಿಯ ಸುರುಳಿ ಅದರೊಳಗೆ ಅಚ್ಚೊತ್ತಿದ್ದರೆ. ಈಗ ಆಯ್ಕೆಯ ಮಾತು ಬರುತ್ತದೆ.

ಹೆಡ್‌ಸ್ಟಾಕ್ ಯಾವ ಥರದ್ದು?

ನಟ್ ಆರಿಸುವಾಗ ಸಾಮಗ್ರಿಗಿಂತ ಮೊದಲು ನೋಡಬೇಕಾದ್ದು ತಂತಿ ನಟ್ ದಾಟಿದ ಮೇಲೆ ಯಾವ ಕಡೆ ತಿರುಗುತ್ತದೆ ಅನ್ನುವುದು. ಹಗ್ಗವನ್ನು ಕಂಬಕ್ಕೆ ಸುತ್ತಿದಷ್ಟೂ ಹಿಡಿತ ಜಾಸ್ತಿ, ಅಲ್ವಾ? ತಂತಿಯೂ ಹಾಗೆ. ತಿರುವು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು.

ಫೆಂಡರ್‌ನ ಸ್ಟ್ರಾಟೊಕಾಸ್ಟರ್ (ಚುಟುಕಾಗಿ ಸ್ಟ್ರಾಟ್), ಟೆಲಿಕಾಸ್ಟರ್ ಥರದ ಗಿಟಾರುಗಳಲ್ಲಿ ಆರೂ ಟ್ಯೂನರ್ ಒಂದೇ ಸಾಲಿನಲ್ಲಿವೆ. ತಂತಿಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಇಂಥವುಗಳಿಗೆ ನಟ್ ಯಾವುದಾದರೂ ನಡೆಯುತ್ತದೆ, ಕೊರೆದದ್ದು ಸರಿಯಿದ್ದರೆ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ ಥರದ್ದು ಬೇರೆ. ಅಲ್ಲಿ ಮೂರು ಟ್ಯೂನರ್ ಆ ಕಡೆ, ಮೂರು ಈ ಕಡೆ. ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ, ಗಿಬ್ಸನ್‌ನ ಹೆಸರಾಂತ ಕೋನ ಸುಮಾರು 17 ಡಿಗ್ರಿ. ನಡುವಿನ ಎರಡು ತಂತಿಗಳು, ಅಂದರೆ ಮೂರನೆಯದು ಮತ್ತು ನಾಲ್ಕನೆಯದು, ನಟ್ ದಾಟಿದ ಕೂಡಲೇ ಪಕ್ಕಕ್ಕೂ ತಿರುಗುತ್ತವೆ. ಕೆಳಗೂ ಬಾಗಬೇಕು, ಪಕ್ಕಕ್ಕೂ ಹೊರಳಬೇಕು. ಸ್ಲಾಟಿನ ಗೋಡೆಗೆ ಒತ್ತಿ ಕೂರುತ್ತವೆ.

ಅದರಲ್ಲೂ ಮೂರನೇ ತಂತಿಗೆ ಎರಡು ಏಟು. ಎಲೆಕ್ಟ್ರಿಕ್ ಗಿಟಾರಿನ ಮಾಮೂಲಿ ಸೆಟ್‌ನಲ್ಲಿ ಅದು ಸುರುಳಿ ಸುತ್ತದ ಬರೀ ಉಕ್ಕು. 0.010 ಇಂಚಿನಿಂದ ಶುರುವಾಗುವ ಸೆಟ್‌ನಲ್ಲಿ ಅದರ ದಪ್ಪ 0.017 ಇಂಚು. ಸುರುಳಿ ಇಲ್ಲದ ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪದ್ದು ಅದೇ. ದಪ್ಪ ಉಕ್ಕಿನ ತಂತಿ ಒಂದು ಚೂರು ಜಾರಿದರೂ ಬಿಗಿತ ತುಂಬ ಬದಲಾಗುತ್ತದೆ. ಅಷ್ಟೇ ಜಾರಿಕೆಗೆ ಮೊದಲ ತಂತಿ ತಪ್ಪುವುದಕ್ಕಿಂತ ಮೂರನೆಯದು ಜಾಸ್ತಿ ತಪ್ಪುತ್ತದೆ. ಎಲ್ಲರೂ ಮೂರನೇ ತಂತಿಗೆ ಬೈಯುವುದು ಸುಮ್ನೆ ಅಲ್ಲ.

ಹಾಗಾಗಿ ಮೂರು-ಮೂರರ ಹೆಡ್‌ಸ್ಟಾಕ್ ಇದ್ದವರು ಜಾರುವ ಸಾಮಗ್ರಿಗೆ ಹೆಚ್ಚು ಬೆಲೆ ಕೊಡಬೇಕು. ಆರು ಒಂದೇ ಸಾಲಿನಲ್ಲಿ ಇದ್ದವರು ಸ್ವಲ್ಪ ನಿರಾಳವಾಗಿರಬಹುದು. ಟ್ರೆಮೊಲೊ ಇದೆಯೋ ಇಲ್ಲವೋ ಅನ್ನುವುದು ಮುಂದಿನ ಪ್ರಶ್ನೆ.

ಮೂಳೆ

ನಟ್ ಅಂದ ಕೂಡಲೇ ಹಳಬರ ಬಾಯಲ್ಲಿ ಬರುವುದು ಮೂಳೆ. ಗಟ್ಟಿ, ನಿಧಾನವಾಗಿ ಸವೆಯುತ್ತದೆ, ಪಾಲಿಶ್ ಮಾಡಿದರೆ ಹೊಳೆಯುತ್ತದೆ. ಅರಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೊರೆಯುವವನ ಕೈ ಪಳಗಿದ್ದರೆ ಮೂಳೆಯ ನಟ್ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ.

ಆದರೆ ಮೂಳೆ ತಾನಾಗಿ ಜಾರುವ ವಸ್ತು ಅಲ್ಲ. ಬಿಳುಪು ಮಾಡದ ಮೂಳೆಯಲ್ಲಿ ಒಂದಿಷ್ಟು ಸಹಜ ಜಿಡ್ಡು ಉಳಿದಿರುತ್ತದೆ, ಅದನ್ನೇ ಮೆಚ್ಚುವವರಿದ್ದಾರೆ. ಅಪ್ಪಟ ಬಿಳಿಯದರಲ್ಲಿ ಅದೂ ಇಲ್ಲ. ಇನ್ನೊಂದು ಸಂಗತಿ, ಮೂಳೆ ಪ್ರಾಣಿಯದ್ದು. ಒಂದು ತುಂಡು ಇನ್ನೊಂದರ ಹಾಗಿರುವುದಿಲ್ಲ. ಒಂದೇ ತುಂಡಿನಲ್ಲೂ ಗಟ್ಟಿ ಜಾಗ, ಮೆತ್ತನೆ ಜಾಗ ಇರಬಹುದು. ಆರನೇ ತಂತಿಯ ಸ್ಲಾಟ್ ಬೇಗ ಸವೆದು ಐದನೆಯದು ಹಾಗೇ ಉಳಿದದ್ದನ್ನು ನೋಡಿದ್ದೇನೆ.

ಟ್ರೆಮೊಲೊ ಇಲ್ಲದ ಗಿಟಾರು, ಆಗಾಗ ಬೆಂಡು, ಒಳ್ಳೆಯ ಕೈಗೆಲಸದವರು ಸಿಗುತ್ತಾರೆ ಅಂದರೆ ಕಣ್ಣುಮುಚ್ಚಿ ಮೂಳೆ ಹಾಕಿಸಿ. ನೀವೇ ಕೊರೆಯುತ್ತೀರಾದರೆ ಮೂಗಿಗೆ ಮಾಸ್ಕ್ ಇರಲಿ. ಮೂಳೆಯ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ವಾಸನೆಯ ಬಗ್ಗೆ ಏನೂ ಹೇಳುವುದಿಲ್ಲ, ಮನೆಯವರೇ ಹೇಳುತ್ತಾರೆ.

ಜಾರುವ ಕೃತಕ ಸಾಮಗ್ರಿ

ಇಲ್ಲಿ ಎರಡು ಕುಲ. ಒಂದು ಗ್ರಾಫೈಟ್ ಬೆರೆಸಿದ್ದು, ಸಾಮಾನ್ಯವಾಗಿ ಕಪ್ಪು. ಇನ್ನೊಂದು ಒತ್ತಿ ತಯಾರಿಸಿದ ಗಟ್ಟಿ ಪಾಲಿಮರ್, ಅದರ ಒಳಗೇ ಪಿಟಿಎಫ್‌ಇ ಬೆರೆಸಿರುತ್ತಾರೆ. ಪಿಟಿಎಫ್‌ಇ ಅಂದರೆ ಅಂಟದ ಬಾಣಲೆಗೆ ಬಳಿಯುವ ಅದೇ ಟೆಫ್ಲಾನ್. ಗ್ರಾಫ್‌ಟೆಕ್ ಕಂಪನಿಯ ಟಸ್ಕ್ ಎಕ್ಸ್‌ಎಲ್ ಈ ಎರಡನೇ ಕುಲದ್ದು. ಬರೀ ಟಸ್ಕ್ ಅಂತಿರುವುದು ಬೇರೆ, ಅದು ದಂತಕ್ಕೆ ಬದಲಿಯಾಗಿ ಮಾಡಿದ ಸಾಮಗ್ರಿ. ಎಕ್ಸ್‌ಎಲ್ ಅನ್ನುವ ಎರಡಕ್ಷರ ನೋಡಿಕೊಳ್ಳದೆ ತಂದು ‘ಜಾರಲ್ಲ’ ಅಂತ ದೂರುವವರು ಬೇಕಾದಷ್ಟು.

ಇವುಗಳ ದೊಡ್ಡ ಗುಣ ಏನಂದರೆ, ಜಾರಿಕೆ ಮೇಲೆ ಬಳಿದದ್ದಲ್ಲ, ಸಾಮಗ್ರಿಯ ಒಳಗೇ ಇದೆ. ಸ್ಲಾಟ್ ಎಷ್ಟು ಆಳಕ್ಕೆ ಕೊರೆದರೂ ಉಳಿಯುತ್ತದೆ. ತುಂಡು ತುಂಡಿಗೂ ವ್ಯತ್ಯಾಸ ಇರುವುದಿಲ್ಲ. ವ್ಯಾಮಿ ಬಾರ್ ಹದವಾಗಿ ಬಳಸುವವರಿಗೆ, ಮೂರು-ಮೂರರ ಹೆಡ್‌ಸ್ಟಾಕ್ ಇದ್ದವರಿಗೆ ನನ್ನ ಮೊದಲ ಸಲಹೆ ಇದೇ.

ಕೊರತೆಯೂ ಇದೆ. ಗ್ರಾಫೈಟ್ ಬೆರೆತ ಕೆಲವು ಅಗ್ಗದ ನಟ್‌ಗಳು ಮೆತ್ತಗಿರುತ್ತವೆ. ಸುರುಳಿ ಸುತ್ತಿದ ದಪ್ಪ ತಂತಿಗಳು ಗರಗಸದ ಹಾಗೆ ಅದನ್ನು ತಿನ್ನುತ್ತವೆ. ಅಂಚು ಚಕ್ಕೆ ಏಳುವುದೂ ಉಂಟು. ಹಳೆಯ ನೋಟದ ಕೆನೆಬಣ್ಣದ ಗಿಟಾರಿಗೆ ಕಪ್ಪು ನಟ್ ಕಣ್ಣಿಗೆ ಹೊಂದುವುದಿಲ್ಲ ಅನ್ನುವವರಿಗೆ ಪಿಟಿಎಫ್‌ಇ ಬೆರೆತ ಬಿಳಿಯದೂ ಸಿಗುತ್ತದೆ.

ಮೂಳೆಗೆ ಎಣ್ಣೆಯಂಥದ್ದೇನಾದರೂ ಹಚ್ಚಿದರೆ ಇದರ ಸಮಕ್ಕೆ ಬರುವುದಿಲ್ಲವೇ? ಬರುತ್ತದೆ. ಪೆನ್ಸಿಲ್ ಸೀಸ ಇರಲಿ, ನಟ್‌ಗೆಂದೇ ಮಾರುವ ಜಿಡ್ಡು ಇರಲಿ, ಒಳ್ಳೆಯ ಸ್ಲಾಟ್‌ಗೆ ಹಚ್ಚಿದರೆ ಮೂಳೆಯೂ ಸರಾಗ. ಆದರೆ ಅದು ಕೆಲವು ವಾರಗಳ ಮಾತು. ಧೂಳು ಕೂಡಿ ಜಿಡ್ಡು ಕೆಸರಾಗುತ್ತದೆ. ಪ್ರತಿ ಸಲ ತಂತಿ ಬದಲಿಸುವಾಗ ಒರೆಸಿ ಹಚ್ಚುವ ತಾಳ್ಮೆ ನಿಮಗಿದೆಯಾ? ಇದ್ದರೆ ಮೂಳೆ. ಇಲ್ಲದಿದ್ದರೆ ಜಾರುವ ಸಾಮಗ್ರಿ. ಇಷ್ಟು ಸರಳ.

ಹಿತ್ತಾಳೆ ಮತ್ತು ಉಳಿದವು

1970ರ ದಶಕದಲ್ಲಿ ಹಿತ್ತಾಳೆಯ ನಟ್ ಒಂದು ಹುಚ್ಚಾಗಿತ್ತು. ನಾದ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಹಾಕಿಸುತ್ತಿದ್ದರು. ಶ್ರುತಿ ವಿಷಯದಲ್ಲಿ ಅದರಿಂದ ವಿಶೇಷ ಲಾಭ ಇಲ್ಲ. ನುಣುಪಾಗಿ ಪಾಲಿಶ್ ಮಾಡಿದರೆ ಪರವಾಗಿಲ್ಲ, ಮಾಡದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಹಿಡಿಯುತ್ತದೆ. ಕೊರೆಯುವುದೂ ಕಷ್ಟ. ಕೋರಿಯನ್, ಮೈಕಾರ್ಟಾ ಅನ್ನುವ ಕೃತಕ ಸಾಮಗ್ರಿಗಳು ಮೂಳೆಗೂ ಪ್ಲಾಸ್ಟಿಕ್‌ಗೂ ನಡುವಿನವು. ಗಿಟಾರಿನ ಜೊತೆಗೇ ಬಂದಿದ್ದರೆ ಇರಲಿ ಬಿಡಿ, ಹುಡುಕಿಕೊಂಡು ಹೋಗಿ ಹಾಕಿಸುವಂಥದ್ದಲ್ಲ.

ನಾದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗೋಣ. ಬೆರಳು ಒತ್ತಿದ ಕೂಡಲೇ ತಂತಿ ಕಂಪಿಸುವುದು ಫ್ರೆಟ್‌ನಿಂದ. ನಟ್‌ಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ. ಅದರ ಸಾಮಗ್ರಿ ಕಿವಿಗೆ ಬೀಳುವುದಿದ್ದರೆ ಖಾಲಿ ತಂತಿಯಲ್ಲಿ ಮಾತ್ರ. ‘ನಟ್ ಬದಲಿಸಿದೆ, ಗಿಟಾರಿನ ದನಿಯೇ ಬದಲಾಯಿತು’ ಅನ್ನುವವರು ಸಾಮಾನ್ಯವಾಗಿ ಅದೇ ದಿನ ಹೊಸ ತಂತಿಯನ್ನೂ ಹಾಕಿರುತ್ತಾರೆ.

ರೋಲರ್ ನಟ್

ಇದರಲ್ಲಿ ತಂತಿ ಸ್ಲಾಟ್‌ನಲ್ಲಿ ಜಾರುವುದಿಲ್ಲ, ಉರುಳುವ ಲೋಹದ ಮೇಲೆ ಕೂರುತ್ತದೆ. ಫೆಂಡರ್ 1987ರಲ್ಲಿ ತಂದ ಸ್ಟ್ರಾಟ್ ಪ್ಲಸ್ ಮಾದರಿಯಲ್ಲಿ ವಿಲ್ಕಿನ್ಸನ್ ರೋಲರ್ ನಟ್ ಇತ್ತು. ಆಮೇಲೆ ಎಲ್‌ಎಸ್‌ಆರ್ ಅನ್ನುವ ರೋಲರ್ ನಟ್ ಬಂತು. ಇದರಲ್ಲಿ ಪ್ರತಿ ತಂತಿಯೂ ಎರಡೆರಡು ಪುಟ್ಟ ಉಕ್ಕಿನ ಗುಂಡುಗಳ ಮೇಲೆ ಕೂರುತ್ತದೆ. ರಾಕ್ ಗಿಟಾರ್ ವಾದಕ ಜೆಫ್ ಬೆಕ್ ಹೆಸರಿನ ಸ್ಟ್ರಾಟ್‌ನಲ್ಲೂ ಎಲ್‌ಎಸ್‌ಆರ್ ಇದೆ. ಬಾರ್ ಬಿಡದೆ ನುಡಿಸಿದ ಮನುಷ್ಯ ಇದನ್ನು ಒಪ್ಪಿದ್ದ ಅಂದಮೇಲೆ ಅದರ ಕೆಲಸದ ಬಗ್ಗೆ ಅನುಮಾನ ಬೇಡ.

ಯಾರಿಗೆ ಸರಿ? ಸ್ಟ್ರಾಟ್ ಥರದ ಗಿಟಾರಿನಲ್ಲಿ ಬಾರ್ ಜಾಸ್ತಿ ಬಳಸುವವರಿಗೆ, ಆದರೆ ಲಾಕ್ ಮಾಡುವ ರಗಳೆ ಬೇಡ ಅನ್ನುವವರಿಗೆ. ತಂತಿಗಳು ನೇರ ಹೋಗುವ ಹೆಡ್‌ಸ್ಟಾಕ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕಕ್ಕೆ ತಿರುಗುವ ಕಡೆ ಅಷ್ಟು ಉಪಯೋಗ ಇಲ್ಲ. ಗುಂಡು ಮುಂದಕ್ಕೂ ಹಿಂದಕ್ಕೂ ಉರುಳುತ್ತದೆ, ಪಕ್ಕದ ಎಳೆತಕ್ಕೆ ಅದರ ಬಳಿ ಉತ್ತರ ಇಲ್ಲ.

ತೊಂದರೆ ಇರುವುದು ಕೂರಿಸುವುದರಲ್ಲಿ. ಮಾಮೂಲಿ ನಟ್‌ಗಿಂತ ಇದು ಅಗಲ. ನೆಕ್‌ನ ಮರ ಕೊರೆದು ಜಾಗ ಮಾಡಬೇಕು. ಮುಂದೊಂದು ದಿನ ಮೂಳೆಗೆ ಮರಳಬೇಕು ಅಂದರೆ ಆ ಜಾಗ ತುಂಬಬೇಕು. ಎತ್ತರ ಕಡಿಮೆ ಮಾಡಲು ಸ್ಲಾಟ್ ಅರೆಯುವ ಹಾಗಿಲ್ಲ. ಕೆಳಗೆ ತೆಳು ತಗಡು ಇಟ್ಟು ಅಥವಾ ತೆಗೆದು ಹೊಂದಿಸಬೇಕು. ಗುಂಡುಗಳ ಸಂದಿಗೆ ಧೂಳು ಹೋಗುತ್ತದೆ, ಆಗಾಗ ಒರೆಸಬೇಕು. ತುಂಬ ದಪ್ಪ ತಂತಿ ಹಾಕುವವರು ಮೊದಲೇ ಅದರ ಮಿತಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಲಾಕಿಂಗ್ ನಟ್

ಜಾರಿಕೆಯ ಪ್ರಶ್ನೆಯನ್ನೇ ಎತ್ತಿಹಾಕುವ ದಾರಿ ಇದು. ಜಾರಿದರೆ ತಾನೇ ತೊಂದರೆ? ಜಾರದ ಹಾಗೆ ಬಿಗಿದುಬಿಡು. ಫ್ಲಾಯ್ಡ್ ರೋಸ್ ಅನ್ನುವ ಅಮೆರಿಕದ ಗಿಟಾರ್ ವಾದಕ ಮಾಡಿದ್ದು ಇದನ್ನೇ. ಅವರ ಪೇಟೆಂಟ್ 1979ರಲ್ಲಿ ಸಿಕ್ಕಿತು. ನಟ್ ಜಾಗದಲ್ಲಿ ಉಕ್ಕಿನ ಹಿಡಿಕೆ, ಎರಡೆರಡು ತಂತಿಗೆ ಒಂದೊಂದು ಬಿಲ್ಲೆ, ಅದನ್ನು 3 ಮಿಮೀ ಅಲೆನ್ ಕೀಲಿಯಿಂದ ಬಿಗಿಯುವುದು. ಆಮೇಲೆ ಹೆಡ್‌ಸ್ಟಾಕ್‌ನಲ್ಲಿ ಏನು ನಡೆದರೂ ಶ್ರುತಿಗೆ ಸಂಬಂಧ ಇಲ್ಲ. ಬಾರ್ ಪೂರ್ತಿ ಕೆಳಗೆ ಒತ್ತಿ ತಂತಿ ಜೋತಾಡಿದರೂ ಬಿಟ್ಟ ಕೂಡಲೇ ಜಾಗಕ್ಕೆ ಬರುತ್ತದೆ.

ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಮಾಮೂಲಿ ಬ್ರಿಜ್ ಇಟ್ಟುಕೊಂಡು ಲಾಕಿಂಗ್ ನಟ್ ಮಾತ್ರ ಹಾಕಿಸುತ್ತಾರೆ. ಬಿಲ್ಲೆ ಬಿಗಿಯುವಾಗ ತಂತಿ ಒತ್ತಿಕೊಂಡು ಶ್ರುತಿ ಒಂದು ಚೂರು ಏರುತ್ತದೆ. ಈಗ ಟ್ಯೂನರ್ ತಿರುಗಿಸಿ ಉಪಯೋಗ ಇಲ್ಲ, ಲಾಕ್ ಆಗಿದೆ. ಬಿಚ್ಚಿದರೆ ಮತ್ತೆ ಮೊದಲಿನಿಂದ ಶುರು. ಫ್ಲಾಯ್ಡ್ ರೋಸ್‌ನ ಮೊದಲ ರೂಪದಲ್ಲೂ ಇದೇ ಗೋಳಿತ್ತು, ಅದಕ್ಕೇ ಆಮೇಲೆ ಬ್ರಿಜ್ ಮೇಲೆ, ಲಾಕ್ ಆದ ಮೇಲೂ ಶ್ರುತಿಯನ್ನು ಚೂರು ಏರಿಸಿ ಇಳಿಸುವ ಫೈನ್ ಟ್ಯೂನರ್ ಸೇರಿಸಿದರು. ಆದ್ದರಿಂದ ಫೈನ್ ಟ್ಯೂನರ್ ಇರುವ ಬ್ರಿಜ್ ಇಲ್ಲದೆ ಲಾಕಿಂಗ್ ನಟ್ ಕಡೆ ತಲೆಹಾಕಬೇಡಿ. ನಟ್ ಬದಲಿಸಲು ಹೋದವರು ಇಡೀ ಬ್ರಿಜ್ ಬದಲಿಸಬೇಕಾಗುತ್ತದೆ.

ಇದಕ್ಕೂ ಮರ ಕೊರೆಯಬೇಕು. ಸ್ಕ್ರೂ ರಂಧ್ರ ಹಾಕಬೇಕು, ಕೆಲವದರಲ್ಲಿ ನೆಕ್‌ನ ಹಿಂಬದಿಯಿಂದ ಆರಪಾರ. ಹಳೆಯ, ಬೆಲೆಬಾಳುವ ಗಿಟಾರಿಗೆ ಇದನ್ನು ಮಾಡುವುದು ಪಾಪ ಅಂತಲೇ ನನ್ನ ಅಭಿಪ್ರಾಯ. ಹಾಡಿಗೊಂದು ಶ್ರುತಿ ಬದಲಿಸುವವರಿಗೂ ಇದು ಆಗುವುದಿಲ್ಲ. ಆರನೇ ತಂತಿಯನ್ನು ಡಿ ಸ್ವರಕ್ಕೆ ಇಳಿಸಬೇಕು ಅಂದರೆ ಕೀಲಿ ಹುಡುಕಿ, ಬಿಚ್ಚಿ, ಇಳಿಸಿ, ಬಿಗಿಯಬೇಕು. ಬ್ರಿಜ್ ತೇಲುತ್ತಿದ್ದರೆ, ಅಂದರೆ ತಂತಿಗಳ ಮತ್ತು ಸ್ಪ್ರಿಂಗುಗಳ ಎಳೆತದ ನಡುವೆ ನಿಂತಿದ್ದರೆ, ಉಳಿದ ಐದೂ ತಪ್ಪಿಹೋಗುತ್ತವೆ.

ಲಾಕ್ ಮಾಡಿಯೂ ಶ್ರುತಿ ಜಾರುತ್ತಿದ್ದರೆ ಬಿಲ್ಲೆಯ ಅಡಿ ನೋಡಿ. ಸವೆದು ಗೀರು ಬಿದ್ದಿರುತ್ತದೆ. ಬಿಲ್ಲೆ ಮಾತ್ರ ಬದಲಿಸಿದರೆ ಸಾಕಾಗಬಹುದು.

ಜೀರೊ ಫ್ರೆಟ್

ಇದು ನನಗೆ ಇಷ್ಟವಾದ ಉಪಾಯ, ಆದರೆ ಇರುವ ಗಿಟಾರಿಗೆ ಸೇರಿಸುವುದು ಸುಲಭ ಅಲ್ಲ. ನಟ್ ಮುಂದೆ ಇನ್ನೊಂದು ಫ್ರೆಟ್ ಇರುತ್ತದೆ. ಖಾಲಿ ತಂತಿ ಕೂರುವುದು ಅದರ ಮೇಲೆ. ನಟ್‌ಗೆ ತಂತಿಗಳನ್ನು ದೂರ ದೂರ ಇಡುವ ಕೆಲಸ ಮಾತ್ರ. ಸ್ಲಾಟ್ ಅಗಲವಾಗಿಯೇ ಇರಬಹುದು, ಹಿಡಿಯುವ ಪ್ರಶ್ನೆ ಕಡಿಮೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ತಮ್ಮ ತಂದೆಯ ಜೊತೆ 1963ರಲ್ಲಿ ಮನೆಯಲ್ಲೇ ಕಟ್ಟಲು ಶುರುಮಾಡಿದ ರೆಡ್ ಸ್ಪೆಷಲ್ ಗಿಟಾರಿನಲ್ಲಿ ಜೀರೊ ಫ್ರೆಟ್ ಇದೆ. ಬಾರ್ ಬಳಸಿದರೂ ಶ್ರುತಿ ನಿಲ್ಲಬೇಕು ಅಂತ ಅಪ್ಪ ಮಗ ತಲೆ ಓಡಿಸಿದ್ದು ಅದರ ಪ್ರತಿ ಭಾಗದಲ್ಲೂ ಕಾಣುತ್ತದೆ.

ಗಿಬ್ಸನ್ 2015ರಲ್ಲಿ ಎತ್ತರ ಹೊಂದಿಸಬಹುದಾದ ಹಿತ್ತಾಳೆಯ ಜೀರೊ ಫ್ರೆಟ್ ನಟ್ ತಂದಿತ್ತು. ಹಳೆಯ ಅಭಿಮಾನಿಗಳು ಒಪ್ಪಲಿಲ್ಲ. ಮರುವರ್ಷ ಸಾಂಪ್ರದಾಯಿಕ ಮಾದರಿಗಳಿಗೆ ಮಾಮೂಲಿ ನಟ್ ಬಂತು. ನಟ್ ಜಾಗದಲ್ಲೇ ಕೂರಿಸುವ ಜೀರೊ ಫ್ರೆಟ್ ಪಟ್ಟಿಗಳೂ ಸಿಗುತ್ತವೆ. ಆದರೆ ಅಂಥದ್ದು ಹಾಕಿಸುವ ಮೊದಲು ಕೆಲಸ ಬಲ್ಲವರಿಗೆ ಗಿಟಾರು ತೋರಿಸಿ.

ಕೊರೆದು ಬಂದದ್ದೋ, ಖಾಲಿ ಪಟ್ಟಿಯೋ?

ಸಾಮಗ್ರಿ ತೀರ್ಮಾನ ಆಯಿತು ಅಂದುಕೊಳ್ಳಿ. ಇನ್ನೊಂದು ಕವಲು ಉಳಿದಿದೆ. ಸ್ಲಾಟ್ ಕೊರೆದೇ ಬರುವ ನಟ್ ಇದೆ, ಏನೂ ಕೊರೆಯದ ಖಾಲಿ ಪಟ್ಟಿ ಇದೆ.

ಕೊರೆದು ಬಂದದ್ದು ಸುಲಭ ಅಂತ ನಾನೂ ನಂಬಿದ್ದೆ. ತಂದೆ, ಹಳೆಯದನ್ನು ತೆಗೆದೆ, ಹೊಸದನ್ನು ಕೂರಿಸಿದೆ, ನುಡಿಸಿದೆ. ಇ ಮೇಜರ್ ಕಾರ್ಡ್ ಕಿವಿಗೆ ಚುಚ್ಚುತ್ತಿತ್ತು. ಖಾಲಿ ತಂತಿಗಳು ಸರಿಯಾಗಿಯೇ ಇದ್ದವು, ಒತ್ತಿದವು ಮಾತ್ರ ಮೇಲೇರುತ್ತಿದ್ದವು. ಕಾರಣ, ಕೊರೆದು ಬರುವ ನಟ್‌ಗಳನ್ನು ಬೇಕೆಂದೇ ಎತ್ತರ ಇಟ್ಟಿರುತ್ತಾರೆ, ಎಲ್ಲ ಗಿಟಾರಿಗೂ ಇಳಿಸಿಕೊಳ್ಳಲು ಅನುಕೂಲ ಆಗಲಿ ಅಂತ. ಇಳಿಸುವ ಕೆಲಸ ನಮ್ಮದು. ಎತ್ತರದ ನಟ್‌ನಲ್ಲಿ ಮೊದಲ ಫ್ರೆಟ್ ಒತ್ತಲು ತಂತಿಯನ್ನು ಜಾಸ್ತಿ ಬಾಗಿಸಬೇಕು, ಬಾಗಿಸಿದಷ್ಟೂ ಸ್ವರ ಏರುತ್ತದೆ. ಬಹಳ ಜನ ಇದನ್ನೂ ಶ್ರುತಿ ನಿಲ್ಲದ ತೊಂದರೆ ಅಂದುಕೊಳ್ಳುತ್ತಾರೆ.

ಒಳ್ಳೆಯ ಸಂಗತಿ ಏನಂದರೆ, ಕೊರೆದು ಬಂದ ನಟ್‌ನ ಅಡಿಯನ್ನು ಸಮತಟ್ಟು ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ಉಜ್ಜಿದರೆ ಎಲ್ಲ ತಂತಿಯೂ ಒಟ್ಟಿಗೆ ಇಳಿಯುತ್ತವೆ. ನಾಲ್ಕು ಸಲ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ. ಅವಸರ ಬೇಡ. ಎತ್ತರ ನೋಡುವುದು ಹೀಗೆ: ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿಯಿರಿ. ಮೊದಲ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಕಾಣಬೇಕು. ಪೂರ್ತಿ ತಾಗಿದರೆ ತುಂಬ ಇಳಿದಿದೆ. ಬೆಳಕು ಧಾರಾಳವಾಗಿ ನುಗ್ಗಿದರೆ ಇನ್ನೂ ಇಳಿಸಬೇಕು.

ಖಾಲಿ ಪಟ್ಟಿ ಬೇರೆ ಲೋಕ. ತಂತಿಯ ದಪ್ಪಕ್ಕೆ ಒಂದೊಂದರಂತೆ ಅರಗಳು ಬೇಕು. ಸ್ಲಾಟ್ ತಂತಿಗಿಂತ ಒಂದಿಷ್ಟೇ ಅಗಲ ಇರಬೇಕು, ಮಿಲಿಮೀಟರಿನ ನೂರರಲ್ಲಿ ಐದಾರು ಭಾಗ. ಕಿರಿದಾದರೆ ಹಿಡಿಯುತ್ತದೆ, ಅಗಲವಾದರೆ ತಂತಿ ಒಳಗೇ ಅಲ್ಲಾಡುತ್ತದೆ. ಸ್ಲಾಟಿನ ತಳ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿರಬೇಕು. ತಂತಿ ಫ್ರೆಟ್‌ಬೋರ್ಡ್ ಕಡೆಯ ಅಂಚಿನಿಂದ ಹೊರಡಬೇಕು. ಇಳಿಜಾರು ತಪ್ಪಿ ಹಿಂದಿನ ಅಂಚು ಎತ್ತರವಾದರೆ ತಂಬೂರಿಗೆ ಜೀವಾಳಿ ಕಟ್ಟಿದ ಹಾಗೆ ಝುಂಯ್ ಅನ್ನುತ್ತದೆ. ತಂಬೂರಿಯಲ್ಲಿ ಅದು ಸೊಗಸು, ಇಲ್ಲಿ ತಲೆನೋವು. ಮೂರು-ಮೂರರ ಹೆಡ್‌ಸ್ಟಾಕ್‌ನಲ್ಲಿ ಸ್ಲಾಟಿನ ಹಿಂಭಾಗವನ್ನು ಟ್ಯೂನರ್ ಕಡೆಗೆ ಸ್ವಲ್ಪ ತಿರುಗಿಸಿ ದುಂಡು ಮಾಡಬೇಕು. ಮೂರನೇ ತಂತಿಯ ಶಾಪ ವಿಮೋಚನೆ ಹೆಚ್ಚಾಗಿ ಅಲ್ಲೇ ಆಗುವುದು.

ಒಂದೇ ಗಿಟಾರಿಗಾಗಿ ಅರಗಳ ಪೂರ್ತಿ ಸೆಟ್ ಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಪಟ್ಟಿ ಆರಿಸಿದರೆ ಕೆಲಸ ಬಲ್ಲವರಿಗೆ ಕೊಡಿ. ನೀವೇ ಮಾಡುವ ಆಸೆ ಇದ್ದರೆ ಕೊರೆದು ಬಂದ ಜಾರುವ ನಟ್ ತನ್ನಿ.

ತರುವ ಮೊದಲು ಅಳತೆ ಮಾಡಿ

ಹೆಸರು ನೋಡಿ ತರಬೇಡಿ, ಅಳೆದು ತನ್ನಿ. ಉದ್ದ ಸಾಮಾನ್ಯವಾಗಿ 42ರಿಂದ 43 ಮಿಮೀ. ದಪ್ಪದಲ್ಲಿ ವ್ಯತ್ಯಾಸ ದೊಡ್ಡದು. ಫೆಂಡರ್ ಥರದವು ತೆಳು, ಸುಮಾರು 3.2 ಮಿಮೀ. ಗಿಬ್ಸನ್ ಥರದವು 5 ಮಿಮೀ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಫೆಂಡರ್ ಥರದವುಗಳಲ್ಲಿ ಅಡಿ ಸಮತಟ್ಟೋ ಬಾಗಿದೆಯೋ ಅನ್ನುವುದನ್ನೂ ನೋಡಬೇಕು. ಎರಡೂ ಇವೆ. ಮೊದಲನೆಯ ಮತ್ತು ಆರನೆಯ ತಂತಿಯ ನಡುವಿನ ದೂರ, ಸುಮಾರು 35 ಮಿಮೀ, ಇದೂ ಮುಖ್ಯ. ಅದು ಒಂದು ಮಿಮೀ ಹೆಚ್ಚಾದರೂ ಮೊದಲ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರುತ್ತದೆ.

ಹಳೆಯದನ್ನು ತೆಗೆಯುವಾಗ ಸುತ್ತಲಿನ ಬಣ್ಣದ ಪದರವನ್ನು ಮೊದಲು ಬ್ಲೇಡಿನಿಂದ ಹಗುರವಾಗಿ ಗೀರಿ. ಇಲ್ಲದಿದ್ದರೆ ನಟ್ ಜೊತೆ ಬಣ್ಣದ ಚಕ್ಕೆಯೂ ಎದ್ದು ಬರುತ್ತದೆ. ನಟ್ ಎರಡೂ ಕಡೆ ಮರದ ನಡುವೆ ಕೂತಿದ್ದರೆ ಪಕ್ಕದಿಂದ ಹಗುರವಾಗಿ ತಟ್ಟಿ ಅಥವಾ ಇಕ್ಕಳದಲ್ಲಿ ಹಿಡಿದು ಸರಿಸಿ. ಫ್ರೆಟ್‌ಬೋರ್ಡಿನ ತುದಿಗೆ ಅಂಟಿಕೊಂಡು ನಿಂತಿದ್ದರೆ ಮರದ ತುಂಡು ಇಟ್ಟು ಫ್ರೆಟ್‌ಬೋರ್ಡ್ ಕಡೆಯಿಂದ ಮೆಲ್ಲಗೆ ತಟ್ಟಿ. ಜಗ್ಗದಿದ್ದರೆ ಜೋರು ಮಾಡಬೇಡಿ, ಉದ್ದಕ್ಕೆ ಗರಗಸದಲ್ಲಿ ಸೀಳಿ ಎರಡು ಹೋಳು ಮಾಡಿ ತೆಗೆಯಿರಿ. ಹೊಸದಕ್ಕೆ ಒಂದೆರಡು ಹನಿ ಅಂಟು ಸಾಕು. ತಂತಿಯ ಬಿಗಿತವೇ ಅದನ್ನು ಹಿಡಿದಿಡುತ್ತದೆ. ಅಂಟು ಸುರಿದರೆ ಮುಂದಿನ ಸಲ ತೆಗೆಯುವವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ, ಒಳ್ಳೆಯ ಮಾತಿನಲ್ಲಿ ಅಲ್ಲ.

ಒಂದು ಸ್ಲಾಟ್ ಮಾತ್ರ ಆಳ ಆಗಿಹೋಯಿತೇ? ಆ ಸ್ಲಾಟಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತಾಗುತ್ತದೆ, ಮತ್ತೆ ಕೊರೆಯಬಹುದು. ಸುತ್ತ ಟೇಪ್ ಅಂಟಿಸಿಕೊಂಡು ಮಾಡಿ. ಬಹಳ ಕಾಲ ಬಾಳುವುದಿಲ್ಲ, ಅದರಲ್ಲಿ ಜಾರಿಕೆಯೂ ಕಡಿಮೆ. ಹೊಸ ನಟ್ ಬರುವ ತನಕ ದಿನ ತಳ್ಳಬಹುದು.

ತಂತಿಯ ದಪ್ಪವನ್ನೂ ಈಗಲೇ ತೀರ್ಮಾನ ಮಾಡಿ. 0.009ರ ಸೆಟ್‌ಗೆ ಕೊರೆದ ನಟ್‌ಗೆ 0.011ರ ಸೆಟ್ ಹಾಕಿದರೆ ಅಷ್ಟೂ ಸ್ಲಾಟ್ ಮತ್ತೆ ಹಿಡಿಯಲು ಶುರುಮಾಡುತ್ತವೆ, ‘ಟಿಂಕ್’ ವಾಪಸ್. ದಪ್ಪದಿಂದ ತೆಳುವಿಗೆ ಹೋದರೆ ಅಷ್ಟು ಅಪಾಯ ಇಲ್ಲ. ಮತ್ತೆ, ತೆಗೆದ ಹಳೆಯ ನಟ್ ಅಖಂಡವಾಗಿ ಬಂದಿದ್ದರೆ ಬಿಸಾಡಬೇಡಿ. ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ. ತಂತಿಗಳ ಅಂತರ, ದಪ್ಪ, ಅಡಿಯ ಬಾಗು ಎಲ್ಲ ಅದರಲ್ಲೇ ಇದೆ. ಮುಂದಿನ ಸಲ ಕೊರೆಯುವವರ ಕೈಗೆ ಸ್ಕೇಲಿಗಿಂತ ಮೊದಲು ಅದನ್ನೇ ಕೊಡಿ.